ಪುಸ್ತಕದ ಹಣೆಗಿಟ್ಟ ಬೊಟ್ಟು

ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ ಈಗಲೂ ಅಂಗಡಿಯಲ್ಲಿ ಸಿಗುತ್ತದೆಯೋ ಇಲ್ಲವೋ ತಿಳಿಯದು. ನನ್ನ ಮೇಜಿನ ಖಾನೆಯ ಹಿಂಭಾಗದಲ್ಲಿ ಮಾತ್ರ ಒಂದು ಸಿಕ್ಕಿತು, ಹೋದ ವಾರ, ಕನ್ನಡಕದ ಪೆಟ್ಟಿಗೆ ಹುಡುಕುವಾಗ. ಹೆಬ್ಬೆರಳಿನಷ್ಟು ಉಳಿದಿತ್ತು. ಕೆಂಪು ತುದಿ ಮುರಿದಿತ್ತು. ಕೆಲಸವಿಲ್ಲದ ಮನುಷ್ಯ ಮಾಡುವಂತೆ ಬ್ಲೇಡು ಹಿಡಿದು ಅದನ್ನು ಹೆರೆಯುತ್ತ ಕೂತೆ. ಹೆರೆದ ಮರದ ವಾಸನೆ ಮೂಗಿಗೆ ಬಂದದ್ದೇ ತಡ, ಪ್ರೊಫೆಸರರು ಬಂದು ಎದುರಿಗೆ ಕೂತುಬಿಟ್ಟರು. ಸತ್ತು ಇಷ್ಟು ವರ್ಷವಾದರೂ ಹೇಳಿಕಳಿಸದೆ ಬರುವ ಅವರ ಅಭ್ಯಾಸ ಹೋಗಿಲ್ಲ.

ಅವರು ಮೈಸೂರಿನ ಬನ್ನಿಮಂಟಪದ ಆಚೆ, ಊರು ಮುಗಿದು ಬಯಲು ಶುರುವಾಗುತ್ತಿದ್ದ ಜಾಗದಲ್ಲಿ, ಒಂದು ಸಣ್ಣ ಉಪದೇಶಕರ ಶಾಲೆಯಲ್ಲಿ ಸತ್ಯವೇದದ ಪ್ರೊಫೆಸರಾಗಿದ್ದರು. ಸತ್ಯವೇದವೆಂದರೆ ಬೈಬಲ್ಲು. ನಾನು ಹೈಸ್ಕೂಲಿನ ಕನ್ನಡ ಪಂಡಿತ, ಕೃಷ್ಣಮೂರ್ತಿಪುರದವನು, ಹಿಂದೂ. ಏಕೀಕರಣವಾದ ಮರುವರ್ಷದ ಮಾತು. ಪ್ರೊಫೆಸರರು ಆರು ವರ್ಷ ಸಮುದ್ರದಾಚೆ ಓದಿ ದೊಡ್ಡ ಪದವಿ ತಂದಿದ್ದರು, ತರುವ ಗಡಿಬಿಡಿಯಲ್ಲಿ ಕನ್ನಡವನ್ನು ಅಲ್ಲೇ ಎಲ್ಲೋ ಬಿಟ್ಟು ಬಂದಿದ್ದರು. ಅವರ ಪಾಠಗಳನ್ನು ಕನ್ನಡಕ್ಕೆ ತಿದ್ದಿಕೊಡಲು ಒಬ್ಬ ಪಂಡಿತ ಬೇಕಾಗಿತ್ತು. ಹೀಗೆ ವಾರಕ್ಕೆ ಮೂರು ಸಂಜೆ ನಾನು ಊರಿನ ಆ ತುದಿಯಿಂದ ಈ ತುದಿಗೆ ಸೈಕಲ್ ತುಳಿದು ಹೋಗಿ ಅವರ ಜ್ಞಾನಕ್ಕೆ ವಿಭಕ್ತಿ ಪ್ರತ್ಯಯಗಳನ್ನು ಅಂಟಿಸುತ್ತಿದ್ದೆ.

ಮೊದಲ ದಿನವೇ ನನ್ನ ಬರವಣಿಗೆಯನ್ನು ಓದಿ ನೋಡಿ ಅವರು ಅಪ್ಪಣೆ ಕೊಡಿಸಿದರು. "ಚೆನ್ನಾಗಿದೆ ಪಂಡಿತರೇ. ಆದರೆ ಇದು ಎಲ್ಲರಿಗೂ ಅರ್ಥ ಆಗಿಬಿಡುತ್ತಲ್ಲ."

ಇದು ದೋಷವೆಂದು ನನಗೆ ಅಂದು ತಿಳಿಯಿತು. ಮುಂದೆ ತಿದ್ದಿಕೊಂಡೆ.

ಅವರ ವಿದ್ಯೆಯನ್ನು ಹಗುರ ಮಾಡಿ ಹೇಳಬಾರದು. ಅದು ನಿಜವಾದ ವಿದ್ಯೆಯೇ. ಮೋಶೆ ಎಂಬ ಒಬ್ಬನೇ ಬರೆದನೆಂದು ಸಾವಿರಾರು ವರ್ಷ ಲೋಕ ನಂಬಿಕೊಂಡಿದ್ದ ಐದು ಪುಸ್ತಕಗಳನ್ನು ಒಬ್ಬನು ಬರೆದದ್ದಲ್ಲ, ಬೇರೆ ಬೇರೆ ಕಾಲದ ನಾಲ್ಕು ಕೈಗಳು ಬರೆದದ್ದನ್ನು ಯಾರೋ ಜಾಣರು ಆಮೇಲೆ ಹೊಲಿದು ಒಂದು ಮಾಡಿದರು ಎಂಬುದು ಆ ಕಡೆಯ ಪಂಡಿತರ ಸಿದ್ಧಾಂತ. ಜಲಪ್ರಳಯದ ಕತೆಯನ್ನೇ ನೋಡಿ, ಒಂದು ಕಡೆ ನೋಹನೆಂಬವನು ಹಡಗಿಗೆ ಹತ್ತಿಸಿದ ಪ್ರಾಣಿಗಳೆಲ್ಲ ಒಂದೊಂದು ಜೋಡಿ ಅನ್ನುತ್ತದೆ, ಇನ್ನೊಂದು ಕಡೆ ಶುದ್ಧ ಪ್ರಾಣಿಗಳು ಏಳೇಳು ಅನ್ನುತ್ತದೆ. ಅದನ್ನು ಅವರು ಬಿಡಿಸಿ ತೋರಿಸಿದಾಗ ನಾನು ನಿಜಕ್ಕೂ ಬೆರಗಾದೆ. ಬೆರಗನ್ನು ಮುಖದಲ್ಲಿ ತೋರಿಸಲಿಲ್ಲ, ಅಷ್ಟೆ. ಪಂಡಿತರಿಗೆ ಅದು ಒಪ್ಪುವುದಿಲ್ಲ.

ತೊಂದರೆಯೆಲ್ಲ ಇದ್ದದ್ದು ಪೆನ್ಸಿಲ್‌ಗಳಲ್ಲಿ. ನಾಲ್ಕು ಕೈಗಳಿಗೆ ನಾಲ್ಕು ಬಣ್ಣ. ದಿನಾ ಬೆಳಿಗ್ಗೆ ಪ್ರೊಫೆಸರರು ಜಗಲಿಯ ಮೇಲೆ ಕೂತು ಪೆನ್ಸಿಲ್‌ಗಳನ್ನು ಹೆರೆಯುತ್ತಿದ್ದರು, ಕ್ಷೌರಕ್ಕೆ ಮುಂಚೆ ಕತ್ತಿ ಮಸೆಯುವ ಗಾಂಭೀರ್ಯದಿಂದ. ಆಮೇಲೆ ವಿದ್ಯಾರ್ಥಿಗಳೆಲ್ಲ ತಮ್ಮ ತಮ್ಮ ಸತ್ಯವೇದ ತೆರೆದು ಅವರು ಹೇಳಿದ ಸಾಲಿಗೆ ಹೇಳಿದ ಬಣ್ಣದ ಗೆರೆ ಎಳೆಯಬೇಕು. ಏಳೆಂಟು ಜನ ಮುಂದೆ ಚರ್ಚುಗಳಿಗೆ ಸಭಾಪಾಲಕರಾಗಬೇಕಾದವರು, ಮೀಸೆ ಬಂದ ಗಂಡಸರು, ತಲೆ ಬಗ್ಗಿಸಿ ಬಣ್ಣ ಬಳಿಯುತ್ತಿದ್ದ ದೃಶ್ಯ ನೋಡುವಂತಿತ್ತು. ಹೂಟಗಳ್ಳಿ ಕಡೆಯ ಒಬ್ಬ, ಹೊಲ ಉಳುವುದನ್ನು ಬಿಟ್ಟು ಬಂದವನು, ಒಂದು ದಿನ ಎದ್ದು ನಿಂತು ಬಹಳ ವಿನಯದಿಂದ ಕೇಳಿದ: "ಸಾರ್, ಕೊನೇಗೆ ನೋಹ ಅತ್ತಿದ್ದು ಕೆಂಪು ಅಡಗೋ ನೀಲಿ ಅಡಗೋ?"

ಅವನಿಗೆ ಆ ಸಲದ ಪರೀಕ್ಷೆಯಲ್ಲಿ ಕೊನೆಯ ಸ್ಥಾನ ಬಂತು.

ಕರಿಹಲಗೆಯ ಮೇಲ್ತುದಿಯಲ್ಲಿ ಮೂರು ಪ್ರಶ್ನೆಗಳು ಸದಾ ಇರುತ್ತಿದ್ದವು, ಅಳಿಸಕೂಡದು. ಯಾರು ಹೇಳಿದರು? ಯಾರಿಗೆ ಹೇಳಿದರು? ಯಾವ ಸಂದರ್ಭದಲ್ಲಿ ಹೇಳಿದರು? ಈ ಮೂರನ್ನು ಕೇಳದೆ ಪುಸ್ತಕದ ಒಂದು ಮಾತಿಗೂ ಅರ್ಥ ಹೇಳಬಾರದು ಎಂಬುದು ಅವರ ಶಾಸ್ತ್ರದ ಮೊದಲ ಸೂತ್ರ. ನನ್ನನ್ನು ತರಗತಿಯಲ್ಲಿ ಕೂರಿಸಿಕೊಂಡೇ ಅವರು ಹೇಳುತ್ತಿದ್ದರು: "ನೋಡಿ, ನಮ್ಮ ಪಂಡಿತರ ಕಡೆ ವ್ಯಾಖ್ಯಾನ ಇದೆ, ವಿಮರ್ಶೆ ಇಲ್ಲ. ಅವರು ಪುಸ್ತಕಕ್ಕೆ ಕೈ ಮುಗೀತಾರೆ. ನಾವು ಪುಸ್ತಕವನ್ನ ಪ್ರಶ್ನೆ ಕೇಳ್ತೀವಿ." ವಿದ್ಯಾರ್ಥಿಗಳು ನನ್ನ ಕಡೆ ತಿರುಗಿ ನೋಡುತ್ತಿದ್ದರು, ಮೃಗಾಲಯದಲ್ಲಿ ಫಲಕ ಓದಿದ ಮೇಲೆ ಪ್ರಾಣಿಯನ್ನು ನೋಡುವಂತೆ. ನಾನು ನಗುತ್ತಿದ್ದೆ. ಆ ನಗುವಿನ ಒಳಗೆ ಏನಿತ್ತು ಎಂಬುದನ್ನು ಹೇಳುವುದಕ್ಕೇ ಈ ಬರಹ.

ಆ ವರ್ಷ ಅವರಿಗೆ ಹಳೆಯ ಮುದ್ರಣಗಳ ಗೀಳು ಹತ್ತಿತು. ಹಳೆಯ ಕನ್ನಡ ಸತ್ಯವೇದಗಳನ್ನು ಒಟ್ಟು ಮಾಡಿ ಪಾಠಗಳನ್ನು ಹೋಲಿಸಬೇಕೆಂದು ಭಾನುವಾರದ ಆರಾಧನೆಯ ಕೊನೆಗೆ ಪ್ರಕಟಣೆ ಮಾಡಿಸಿದರು. ಯಾರ ಮನೆಯಲ್ಲಿ ಹಳೆಯ ಪ್ರತಿ ಇದೆಯೋ ಅವರು ಒಂದು ವಾರದ ಮಟ್ಟಿಗೆ ಕೊಟ್ಟು ಉಪಕರಿಸಬೇಕು. ಐದಾರು ಪುಸ್ತಕ ಬಂದವು. ಅವುಗಳಲ್ಲಿ ಒಂದು ಓದೋ ಅಮ್ಮನದು.

ಓದೋ ಅಮ್ಮ ಎಂದರೆ ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸಿ, ಸತ್ಯವೇದದ ಕತೆ ಓದಿ ಹೇಳುತ್ತಿದ್ದ ಕ್ರೈಸ್ತರ ಮುದುಕಿ. ಮಿಷನ್ನಿನವರು ಅದಕ್ಕೆಂದೇ ಇಟ್ಟುಕೊಂಡಿದ್ದವರು. ಈಚೆಗೆ ಕಣ್ಣು ಮಂಜಾಗಿ, ಕಾಲು ಸೋತು, ಶಾಲೆಯ ಹಿಂಭಾಗದ ಒಂದು ಕೋಣೆಯಲ್ಲಿ ಇದ್ದರು. ನಮ್ಮ ಬೀದಿಯಲ್ಲಿ ಅವರನ್ನು ತಿಳಿಯದವರು ಯಾರೂ ಇರಲಿಲ್ಲ. ಬಿಳಿ ಸೀರೆ, ಕೈಯಲ್ಲಿ ಕೊಡೆ, ಕಂಕುಳಲ್ಲಿ ದಪ್ಪ ಪುಸ್ತಕ. ಹೆಂಗಸರು ಅವರನ್ನು ಕ್ರೈಸ್ತರಾಗುವುದಕ್ಕೆ ಕರೆಯುತ್ತಿರಲಿಲ್ಲ, ಆದವರೂ ನನಗೆ ತಿಳಿದ ಮಟ್ಟಿಗೆ ಇಲ್ಲ. ಮಧ್ಯಾಹ್ನದ ಎರಡು ಗಂಟೆ ಯಾರಾದರೂ ಬಂದು ತಮ್ಮ ಎದುರಿಗೆ ಕೂತು, ತಮಗಾಗಿಯೇ ಓದುತ್ತಾರೆ ಎಂಬುದಕ್ಕೆ ಕರೆಯುತ್ತಿದ್ದರು.

ಆ ಪುಸ್ತಕವನ್ನು ಪ್ರೊಫೆಸರರು ತೆರೆದ ಸಂಜೆ ನಾನು ಅಲ್ಲೇ ಇದ್ದೆ. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಅಂಚುಗಳ ತುಂಬ ಬಣ್ಣದ ಗುರುತುಗಳು. ಹಳದಿ, ಕೆಂಪು, ಕಪ್ಪು. ಒಂದೊಂದೂ ಬೆರಳ ತುದಿಯಷ್ಟು. ಆದಿಕಾಂಡದಿಂದ ಹಿಡಿದು ಕೊನೆಯವರೆಗೆ, ಒಂದು ಕತೆಯ ಪಕ್ಕ ಹಳದಿ, ಇನ್ನೊಂದರ ಪಕ್ಕ ಕಪ್ಪು. ಅವರು ಭೂತಗನ್ನಡಿ ತರಿಸಿದರು. ಅರ್ಧ ಗಂಟೆ ಹಾಳೆ ಹಾಳೆ ತಿರುವಿ ನೋಡಿದರು. ಕೊನೆಗೆ ನನ್ನ ಕೈ ಹಿಡಿದುಕೊಂಡರು. ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

"ಪಂಡಿತರೇ, ನಾವು ಪೆನ್ಸಿಲ್‌ನಲ್ಲಿ ಮಾಡ್ತಿರೋದನ್ನ ಯಾರೋ ಮಹಾನುಭಾವ ಇಲ್ಲೇ ಮೈಸೂರಲ್ಲಿ ಮೊದಲೇ ಮಾಡಿಬಿಟ್ಟಿದ್ದಾನೆ!"

ಹೆಸರಿಲ್ಲದ ಒಬ್ಬ ದೇಶೀಯ ವಿಮರ್ಶಕ, ಯಾವ ಗುರುವಿನ ಸಹಾಯವೂ ಇಲ್ಲದೆ, ಮೂಲ ಗ್ರಂಥದ ಮೂರು ಪರಂಪರೆಗಳನ್ನು ಬಣ್ಣದಿಂದ ಬೇರ್ಪಡಿಸಿದ್ದಾನೆ ಎಂಬುದು ಅವರ ಕಾಣ್ಕೆ. ಎರಡೇ ದಿನದಲ್ಲಿ ಅವನ ಸ್ವಭಾವವನ್ನೂ ಕಂಡುಹಿಡಿದರು. ಹಳದಿ ಗುರುತುಗಳು ಹೆಚ್ಚಾಗಿ ಹೆಂಗಸರ ಕತೆಗಳ ಪಕ್ಕದಲ್ಲೇ ಇದ್ದವು. ಮಕ್ಕಳಿಲ್ಲದೆ ಗುಡಿಯಲ್ಲಿ ಅಳುವ ಹನ್ನ, ಅತ್ತೆಯನ್ನು ಬಿಟ್ಟು ಹೋಗಲೊಲ್ಲದ ರೂತ್, ತಂಗಿ ಕತೆ ಕೇಳುತ್ತ ಕೂತಿದ್ದಾಳೆ, ಅಡಿಗೆಯ ಕೆಲಸವೆಲ್ಲ ತನ್ನ ತಲೆಗೇ ಬಂತು ಎಂದು ದೂರುವ ಮಾರ್ಥ. ಇದರಿಂದ ಏನು ತಿಳಿಯುತ್ತದೆ? ಹಳದಿ ಗುರುತಿನವನು ಸ್ತ್ರೀಯರ ವಿಷಯದಲ್ಲಿ ಆಸಕ್ತಿಯುಳ್ಳವನು. ಹಾಗಾದರೆ ಅವನು ಬ್ರಹ್ಮಚಾರಿಯಾಗಿರಲೇಬೇಕು. ಪ್ರೊಫೆಸರರು ಇದನ್ನು ಬರೆದುಕೊಂಡರು, ಒಂದು ತಿಂಗಳಿಗೆ ಇದರ ಮೇಲೆ ಉಪನ್ಯಾಸವನ್ನೂ ಗೊತ್ತುಮಾಡಿದರು.

ನಾನು ಪುಸ್ತಕವನ್ನು ಎತ್ತಿ ಮೂಸಿ ನೋಡಿದೆ. ಅಷ್ಟು ವರ್ಷವಾದರೂ ಹಾಳೆಗಳ ನಡುವೆ ಸಣ್ಣಗೆ ಇತ್ತು... ಅರಿಸಿನದ ವಾಸನೆ, ಅದರ ಹಿಂದೆ ಎಲ್ಲೋ ಇಂಗಿನ ಒಗ್ಗರಣೆ.

ನನಗೆ ಗೊತ್ತಿತ್ತು. ನನಗೆ ಪೂರ್ತಿ ಗೊತ್ತಿತ್ತು.

ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ, ಅಂದರೆ ಜಗತ್ತಿನ ಸಕಲವೂ ನನಗೆ ತಿಳಿದಿದ್ದ ಕಾಲದಲ್ಲಿ, ಓದೋ ಅಮ್ಮ ನಮ್ಮ ಮನೆಗೂ ಬರುತ್ತಿದ್ದರು. ನಡುಮನೆಯಲ್ಲಿ ಅವರು ಓದುತ್ತಿದ್ದರು, ನಮ್ಮಮ್ಮ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಹೊರಡುವಾಗ ಪ್ರತಿ ಸಲವೂ ಒಂದು ಪೇಚು. ಗಂಡ ಇರುವ ಹೆಂಗಸು ಮನೆಗೆ ಬಂದರೆ ಅರಿಸಿನ ಕುಂಕುಮ ಕೊಡದೆ ಕಳಿಸುವುದು ಹೇಗೆ? ಓದೋ ಅಮ್ಮನ ಯಜಮಾನರು ಆಗ ಬದುಕಿದ್ದರು. ಆದರೆ ಆಕೆ ಕ್ರೈಸ್ತರು, ಹಣೆಗೆ ಇಡಿಸಿಕೊಳ್ಳುವ ಹಾಗಿಲ್ಲ. ಬರಿಹಣೆಯಲ್ಲಿ ಕಳಿಸಿದರೆ ಇವರಿಗೆ ಸಂಕಟ, ಇಡಿಸಿಕೊಂಡರೆ ಅವರಿಗೆ ಸಂಕಟ. ಯಾವ ಮನೆಯಲ್ಲಿ, ಯಾವ ಪುಣ್ಯಾತ್ಗಿತ್ತಿ ಮೊದಲು ದಾರಿ ಕಂಡುಕೊಂಡಳೋ ತಿಳಿಯದು. ಹಣೆಗೆ ಇಡಬೇಕಾದ್ದನ್ನು ಪುಸ್ತಕಕ್ಕೆ ಇಟ್ಟಳು. ಅಂದು ಓದಿದ ಕತೆಗಳಲ್ಲಿ ತನ್ನ ಮನಸ್ಸಿಗೆ ಹತ್ತಿದ್ದು ಯಾವುದೋ ಅದರ ಪಕ್ಕದಲ್ಲಿ. ಅದೇ ಎಲ್ಲ ಮನೆಗಳ ಪದ್ಧತಿಯಾಯಿತು.

ನಮ್ಮಮ್ಮ ಬೆರಳು ಅದ್ದಿ ಹಾಳೆಗೆ ಒತ್ತುವುದನ್ನು ಒಂದು ಸಲ ಬಾಗಿಲಲ್ಲಿ ನಿಂತು ನೋಡಿ ನಾನು ನಕ್ಕಿದ್ದೆ. "ಪುಸ್ತಕಕ್ಕೂ ಅರಿಸಿನ ಕುಂಕುಮವೇನಮ್ಮ?"

"ಅವರ ಹಣೆಗೆ ಆಗಲ್ವಂತೆ ಕಣೋ, ಅದಕ್ಕೆ. ನಿಂಗೇನು ಕಷ್ಟ, ಹೋಗು," ಎಂದಿದ್ದಳು.

ಹೋದೆ. ಯಾವ ಕತೆಗೆ ಇಟ್ಟೆ ಎಂದು ಕೇಳಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ ಅವಳು ತೀರಿಕೊಂಡಳು.

ಇಷ್ಟು ತಿಳಿದವನು ಪ್ರೊಫೆಸರರಿಗೆ ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಏಕೆ ಹೇಳಲಿಲ್ಲ ಎಂದು ಈಗ ಒಪ್ಪವಾಗಿ ಕಾರಣ ಕೊಡಬಹುದು, ಆದರೆ ನಿಜವಾದ ಕಾರಣ ಸಣ್ಣದು. ಆ ಮನುಷ್ಯ ತುಂಬಿದ ಸಭೆಯಲ್ಲಿ, ಅತ್ಯಂತ ಶಾಸ್ತ್ರೀಯವಾಗಿ, ಗುಂಡಿಗೆ ಬೀಳುವುದನ್ನು ನಾನು ಮುಂದಿನ ಸಾಲಿನಲ್ಲಿ ಕೂತು ನೋಡಬೇಕಿತ್ತು. ಅದಕ್ಕಾಗಿ ಗುಂಡಿಯನ್ನು ಸ್ವಲ್ಪ ಆಳವೂ ಮಾಡಿದೆ. ಮೂರು ಬಣ್ಣಗಳಿಗೆ ಗಂಭೀರವಾದ ಹೆಸರು ಬೇಕು ಎಂದಾಗ, ಹರಿದ್ರಾ ಪಾಠ, ಕುಂಕುಮ ಪಾಠ, ಕಜ್ಜಲ ಪಾಠ ಎಂದು ನಾಮಕರಣ ಮಾಡಿದವನು ನಾನೇ. ಹರಿದ್ರಾ ಎಂದರೆ ಸಂಸ್ಕೃತದಲ್ಲಿ ಅರಿಸಿನ, ಕಜ್ಜಲ ಎಂದರೆ ಕಾಡಿಗೆ. ಸಮುದ್ರದಾಚೆ ಅದನ್ನು ಕಲಿಸುವುದಿಲ್ಲ. ಪ್ರೊಫೆಸರರು ಆ ಹೆಸರುಗಳನ್ನು ಬಾಯಲ್ಲಿ ಹೊರಳಾಡಿಸಿ ನೋಡಿ ಬಹಳ ಸಂತೋಷಪಟ್ಟರು. "ಇದು ನೋಡಿ ಕನ್ನಡ! ಯಾರಿಗೂ ತಟ್ಟನೆ ಅರ್ಥ ಆಗಲ್ಲ."

ಒಂದು ವಾರ ಕಳೆಯಿತು. ಓದೋ ಅಮ್ಮ ಜಗಲಿಗೆ ಬಂದರು. ಪ್ರೊಫೆಸರರು ಎದ್ದು ನಿಂತು, ಕೈ ಮುಗಿದು, ಬಹಳ ಮರ್ಯಾದೆಯಿಂದ, ಸಂಶೋಧನೆ ನಡೆಯುತ್ತಿದೆ ಅಮ್ಮ, ಇನ್ನೊಂದು ವಾರ ಎಂದರು. ಮುಂದಿನ ವಾರವೂ ಬಂದರು. ಅದರ ಮುಂದಿನ ವಾರವೂ. ಕರಿಹಲಗೆಯ ಮೇಲೆ ಮೂರು ಪ್ರಶ್ನೆಗಳು ಹಾಗೇ ಇದ್ದವು. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ. ಮೂರಕ್ಕೂ ಉತ್ತರ ಕೊಡಬಲ್ಲ ಏಕೈಕ ಜೀವ ಹತ್ತು ಅಡಿ ದೂರದಲ್ಲಿ ಕಂಬ ಹಿಡಿದುಕೊಂಡು ನಿಂತಿತ್ತು. ಪ್ರೊಫೆಸರರು ಆಕೆಗೆ ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಏನನ್ನೂ ಕೇಳಲಿಲ್ಲ. ಪುಸ್ತಕವನ್ನು ಪ್ರಶ್ನೆ ಕೇಳುವವರು ಅವರು. ಪುಸ್ತಕದ ಯಜಮಾನಿ ಆ ಶಾಸ್ತ್ರದಲ್ಲಿ ಬರುವುದಿಲ್ಲ.

ಮೂರನೆಯ ಸಲ ನಾನು ಅವರನ್ನು ಹಿಂದಿನ ಕೋಣೆಯವರೆಗೆ ಕೈ ಹಿಡಿದು ಬಿಟ್ಟುಬರಲು ಹೋದೆ. ದಾರಿಯಲ್ಲಿ ನನ್ನ ದನಿಯನ್ನೇ ಕೇಳುತ್ತ ಬಂದವರು ಗಕ್ಕನೆ ನಿಂತರು.

"ನೀನು ಕೃಷ್ಣಮೂರ್ತಿಪುರದ ಹುಣಿಸೇಮರದ ಮನೆಯವ್ರ ಮಗ ಅಲ್ವೇನಪ್ಪಾ?"

ಹೌದೆಂದೆ.

"ಪಂಡಿತ ಆಗ್ಬುಟ್ಟಾ! ನಿಮ್ಮಮ್ಮ ಯೋಳೋರು, ನನ್ ಮಗ ತುಂಬ ಓದ್ತಾನೆ, ಯಾರ್ ಮಾತೂ ಕೇಳಲ್ಲ ಅಂತ." ನಕ್ಕರು. "ನಿಮ್ಮಮ್ಮಂದೂ ಒಂದು ಬೊಟ್ಟು ಅದ್ರಲ್ಲೈತೆ ಕಣಪ್ಪ. ಪುಸ್ತಕ ಬರ್ಲಿ, ತೋರುಸ್ತೀನಿ."

ಆಮೇಲೆ ಕೋಣೆಯ ಮೆಟ್ಟಿಲ ಮೇಲೆ ಕೂತು, ಪುಸ್ತಕ ತಮಗೆ ಏಕೆ ಬೇಕು ಎಂದು ಹೇಳಿದರು. ದಿನಾ ಬೆಳಿಗ್ಗೆ ಆ ಬೊಟ್ಟುಗಳನ್ನು ಒಂದೊಂದಾಗಿ ನೋಡಿ, ಇಟ್ಟವರನ್ನು ನೆನೆದು, ಅವರಿಗಾಗಿ ದೇವರನ್ನು ಬೇಡಿಕೊಳ್ಳುವುದು ಅವರ ವ್ರತ. ಅರಿಸಿನ ಅಡಿಗೆಮನೆಯಿಂದ ಎದ್ದು ಬಂದವರದು. ಕುಂಕುಮ ಹೊಸದಾಗಿ ಮದುವೆಯಾದವರದು. ಕಪ್ಪು, ಗಂಡ ಇಲ್ಲದವರದು. ಅರಿಸಿನ ಕುಂಕುಮ ಮುಟ್ಟುವಂತಿಲ್ಲದ ಹೆಂಗಸರು ಒಲೆಯ ಮಸಿಯನ್ನು ಬೆರಳಿಗೆ ತೆಗೆದುಕೊಂಡು ಇಟ್ಟದ್ದು. ಮನೆಯಿಂದ ತಳ್ಳಿಸಿಕೊಂಡು ಮರಳುಗಾಡಿನಲ್ಲಿ ನೀರು ಹುಡುಕಿದ ಹಾಗರಳ ಕತೆಯ ಪಕ್ಕದಲ್ಲಿ ಐದು ಮಸಿ ಬೊಟ್ಟುಗಳಿದ್ದವು. ಐದು ಮನೆ.

"ಹೆಸ್ರು ಮರ್ತೋಯ್ತವೆ ಕಣಪ್ಪ. ಪುಸ್ತಕ ತೆಗುದ್ರೆ ಮಾತ್ರ ಒಬ್ಬೊಬ್ರೇ ಎದ್ದು ಬರ್ತಾರೆ. ಈಗ ಮೂರು ವಾರ ಆಯ್ತು ಅವ್ರನ್ನ ಮಾತಾಡ್ಸಿ. ನೀನಾದ್ರೂ ಅಯ್ಯನೋರಿಗೆ ಒಂದು ಮಾತು ಯೋಳು, ಬೇಗ ಕೊಟ್ಬುಡ್ಲಿ."

ಹೇಳುತ್ತೇನೆ ಎಂದೆ. ಅಲ್ಲೇ ಕೇಳಬಹುದಾಗಿತ್ತು, ನಮ್ಮಮ್ಮನದು ಯಾವ ಕತೆಯ ಹತ್ತಿರ ಎಂದು. ನಾಲಿಗೆ ತುದಿಗೆ ಬಂದಿತ್ತೇನೋ... ಆದರೆ ಉಪನ್ಯಾಸಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು. ಪ್ರೊಫೆಸರರು ಗುಂಡಿಗೆ ಬಿದ್ದ ಮಾರನೆಯ ದಿನವೇ ಪುಸ್ತಕ ತಾನಾಗಿ ವಾಪಸು ಬರುತ್ತದೆ, ಆಗ ನಿಧಾನವಾಗಿ ಕೂತು ನೋಡೋಣ ಎಂದು ಲೆಕ್ಕ ಹಾಕಿದೆ. ಪಂಡಿತರ ಲೆಕ್ಕ.

ಉಪನ್ಯಾಸದ ಸಂಜೆ ಶಾಲೆಯ ಹಾಲು ತುಂಬಿತ್ತು. ಸಭಾಪಾಲಕರು, ಮೇಷ್ಟರುಗಳು, ಊರಿನ ನಾಲ್ಕಾರು ಸಂಸ್ಕೃತ ವಿದ್ವಾಂಸರು, ಬೇರೆ ಊರಿನಿಂದ ಬಂದ ಅತಿಥಿಗಳು. ಮೇಜಿನ ಮೇಲೆ ಕೆಂಪು ವಸ್ತ್ರ, ವಸ್ತ್ರದ ಮೇಲೆ ಓದೋ ಅಮ್ಮನ ಪುಸ್ತಕ, ಪಕ್ಕದಲ್ಲಿ ಹೂದಾನಿ. ಆಗತಾನೆ ಅಚ್ಚಾದ ಕಿರುಹೊತ್ತಿಗೆಯನ್ನು ಎಲ್ಲರಿಗೂ ಹಂಚಿದರು. ಮೊದಲ ಪುಟದಲ್ಲಿಯೇ, ಪಾರಿಭಾಷಿಕ ಶಬ್ದಗಳನ್ನು ಒದಗಿಸಿದ ವಿದ್ವಾಂಸರಿಗೆ ಕೃತಜ್ಞತೆ ಎಂದು, ದಪ್ಪ ಅಕ್ಷರದಲ್ಲಿ, ನನ್ನ ಹೆಸರು. 

ಅದನ್ನು ನೋಡಿದವನು ಮುಂದಿನ ಸಾಲು ಬಿಟ್ಟು ಹಿಂದೆ ಹೋಗಿ ಕೂತೆ. ಅಲ್ಲಿ ಗೋಡೆಯ ಪಕ್ಕದ ಬೆಂಚಿನಲ್ಲಿ ಓದೋ ಅಮ್ಮ ಇದ್ದರು, ಮುಂದಕ್ಕೆ ಬಾಗಿ ಕಿವಿಗೊಟ್ಟು.

ಪ್ರೊಫೆಸರರು ಪುಸ್ತಕ ತೆರೆದು ಹಳದಿ ಗುರುತು, ಕಪ್ಪು ಗುರುತು ಎಂದು ತೋರಿಸುತ್ತ ಒಂದೂಕಾಲು ಗಂಟೆ ಮಾತಾಡಿದರು. ಹರಿದ್ರಾ ಪಾಠದ ವೈಶಿಷ್ಟ್ಯಗಳು ಆದವು, ಕಜ್ಜಲ ಪಾಠದ ಪ್ರಾಚೀನತೆ ಆಯಿತು, ಬ್ರಹ್ಮಚಾರಿಯೂ ಬಂದು ಹೋದ. ಸಂಸ್ಕೃತ ವಿದ್ವಾಂಸರು ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದೆ. ಪ್ರೊಫೆಸರರು ಹರಿದ್ರಾ ಎಂದಾಗಲೆಲ್ಲ ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಸಂಸ್ಕೃತದಲ್ಲಿ ಹೇಳಿದ ಮೇಲೆ ಅರಿಸಿನ ಅಡಿಗೆಮನೆಯ ಪದಾರ್ಥವಾಗಿ ಉಳಿಯುವುದಿಲ್ಲ ಎಂದು ನನಗೆ ತಿಳಿದಿರಬೇಕಾಗಿತ್ತು.

ಓದೋ ಅಮ್ಮ ನನ್ನ ತೋಳು ತಿವಿದರು. "ಏನಂತಪ್ಪಾ ಅದು?"

"ನಿಮ್ಮ ಪುಸ್ತಕವನ್ನ ಹೊಗಳ್ತಾ ಇದ್ದಾರಮ್ಮ."

"ಹೊಗಳೋದಾದ್ರೆ ಕೊಟ್ಬುಟ್ಟು ಹೊಗಳ್ಲಿ."

ಕೊನೆಗೆ ಅಧ್ಯಕ್ಷರು, ಯಾರಾದರೂ ಪ್ರಶ್ನೆ ಕೇಳುವುದಿದ್ದರೆ ಕೇಳಬಹುದು ಎಂದರು. ಓದೋ ಅಮ್ಮ ಬೆಂಚು ಹಿಡಿದು ಎದ್ದು ನಿಂತರು. ಹಾಲಿನಲ್ಲಿ ಕುರ್ಚಿಗಳು ತಿರುಗಿದ ಸದ್ದಾಯಿತು.

"ಅಯ್ಯನೋರೇ, ಅದು ಅರಿಸಿನ. ಯಾರೂ ಬರ್ದಿದ್ದಲ್ಲ. ಮನೆ ಹೆಂಗಸ್ರು ಇಟ್ಟಿದ್ದು. ನಾನೇ ಇಡಿಸ್ಕೊಂಡಿದ್ದು. ನಂಗೆ ಅದು ಬೇಕು, ಕೊಟ್ಬುಡಿ."

ಅಷ್ಟೇ. ನಾನು ತಿಂಗಳಿನಿಂದ ಕಾದಿದ್ದ ಗಳಿಗೆ ಅದು. ಗುಂಡಿ ಬಾಯಿ ತೆರೆದುಕೊಂಡು ಸಿದ್ಧವಾಗಿತ್ತು. ಪ್ರೊಫೆಸರರು ಕಾಲಿಟ್ಟೂ ಆಗಿತ್ತು. ಆದರೆ ಅವರು ಬೀಳಲಿಲ್ಲ. ಮೃದುವಾಗಿ ನಕ್ಕು ಸಭೆಯ ಕಡೆ ತಿರುಗಿದರು. ಇದೇ ನೋಡಿ, ಗ್ರಂಥದ ಅರ್ಥ ಮರೆತುಹೋದಾಗ ಭಕ್ತರ ನಡುವೆ ಇಂಥ ಐತಿಹ್ಯಗಳು ಹುಟ್ಟಿಕೊಳ್ಳುತ್ತವೆ, ಇವು ತೀರ ಈಚಿನವು, ಆದರೂ ನಾವು ಇವನ್ನು ಗೌರವದಿಂದ ದಾಖಲಿಸಬೇಕು ಎಂದರು. ದಾಖಲಿಸಿಯೂ ಬಿಟ್ಟರು. ಸಭೆಗೆ ಸಮಾಧಾನವಾಯಿತು. ಮೂರು ಸಲ ಜಗಲಿಗೆ ಬಂದು ನಿಂತ ಮುದುಕಿಯನ್ನು, ಆಕೆ ಕಣ್ಣೆದುರಿಗೆ ನಿಂತು ಮಾತಾಡುತ್ತಿರುವಾಗಲೇ, ಐತಿಹ್ಯ ಮಾಡಿ ಕೂರಿಸಿದ ಆ ಕೌಶಲವನ್ನು ನಾನು ಆಮೇಲೆ ಯಾವ ವಿದ್ವಾಂಸನಲ್ಲೂ ನೋಡಿಲ್ಲ.

ಓದೋ ಅಮ್ಮ ಕೂರಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟರು. "ಈ ಪಂಡಿತಪ್ಪಂಗೆ ಗೊತ್ತು. ಇವ್ರ ತಾಯೀದೂ ಐತೆ ಅದ್ರಲ್ಲಿ. ಯೋಳಪ್ಪಾ."

ಪ್ರೊಫೆಸರರು ವೇದಿಕೆಯಿಂದ ನನ್ನನ್ನು ನೋಡಿದರು. "ಪಂಡಿತರು ಏನಂತಾರೆ?"

ಎದ್ದು ನಿಂತೆ. ಕೈಯಲ್ಲಿ ಕಿರುಹೊತ್ತಿಗೆ ಇತ್ತು, ಅದರಲ್ಲಿ ನನ್ನ ಹೆಸರು ಇತ್ತು. ಹೌದು, ಅರಿಸಿನ ಎಂದರೆ, ಹರಿದ್ರಾ ಎಂದು ಹೆಸರಿಟ್ಟವನು ಯಾರು ಎಂಬ ಪ್ರಶ್ನೆ ಬರುತ್ತದೆ. ತಿಳಿದೂ ತಿಂಗಳು ಸುಮ್ಮನಿದ್ದವನು ಯಾರು ಎಂಬುದು ಬರುತ್ತದೆ. ಗುಂಡಿಯೊಳಗೆ ಯಾರು ನಿಂತಿದ್ದಾರೆ ಎಂದು ಆಗ ಕಂಡಿತು. ಓದೋ ಅಮ್ಮನ ಕೈ ಇನ್ನೂ ಭುಜದ ಮೇಲೇ ಇತ್ತು. 

"ಪರಿಶೀಲಿಸಬೇಕಾದ ವಿಷಯ," ಎಂದೆ.

ಪ್ರೊಫೆಸರರು ತೃಪ್ತಿಯಿಂದ ತಲೆಯಾಡಿಸಿದರು. ಅಧ್ಯಕ್ಷರು ವಂದನಾರ್ಪಣೆಗೆ ಕರೆದರು. ಓದೋ ಅಮ್ಮ ಕೈ ತೆಗೆದುಕೊಂಡರು. ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಇವತ್ತು ಅದನ್ನೇ ಬರೆದು ಹಗುರಾಗುತ್ತಿದ್ದೆ.

ಪುಸ್ತಕ ವಾಪಸು ಬರಲಿಲ್ಲ. ಬಣ್ಣಗಳ ಕಾಲ ನಿರ್ಣಯ ಮಾಡಿಸಲು ಪ್ರೊಫೆಸರರು ಅದನ್ನು ಮೇಣಬಟ್ಟೆಯಲ್ಲಿ ಸುತ್ತಿ, ಹಡಗಿನ ಟಪಾಲಿನಲ್ಲಿ, ತಮ್ಮ ಗುರುಗಳಿಗೆ ಕಳಿಸಿದರು. ವರ್ಷ ತಿರುಗಿದ ಮೇಲೆ ಉತ್ತರ ಬಂತು. ಹಳದಿಯ ಬಣ್ಣ ಸಸ್ಯಮೂಲದ್ದು, ಸ್ವಾರಸ್ಯಕರವಾಗಿದೆ, ಗ್ರಂಥವನ್ನು ತಮ್ಮ ಭಂಡಾರದಲ್ಲಿ ಭದ್ರವಾಗಿ ಇಡಲಾಗಿದೆ. ಸಸ್ಯಮೂಲದ್ದು ಎಂದಮೇಲೆ ಪ್ರಾಚೀನ ಲಿಪಿಕಾರರ ಶಾಯಿಯೇ ಸರಿ ಎಂದು ಪ್ರೊಫೆಸರರು ಎರಡನೆಯ ಪ್ರಬಂಧ ಬರೆದರು. ಅದಕ್ಕೆ ಕನ್ನಡ ತಿದ್ದಲು ನನಗೆ ಪುರಸೊತ್ತಾಗಲಿಲ್ಲ. ಯಾರೋ ತಿದ್ದಿದರು.

ಆ ವರ್ಷದಲ್ಲಿ ನಾನು ಓದೋ ಅಮ್ಮನ ಕೋಣೆಗೆ ಹೋದದ್ದು ಒಂದೇ ಸಲ. ಬಾಗಿಲ ಬಿಸಿಲಿನಲ್ಲಿ ಕೂತಿದ್ದರು. ಮಡಿಲಲ್ಲಿ ಏನೂ ಇರಲಿಲ್ಲ. ಆದರೂ ಬೆರಳು ಸೆರಗಿನ ಮೇಲೆ ನಿಧಾನವಾಗಿ ಹರಿದು, ಒಂದು ಕಡೆ ನಿಂತು, ಮತ್ತೆ ಹರಿಯುತ್ತಿತ್ತು. ನಾನು ಯಾರೆಂದು ಹೇಳಿದೆ. ತಾಯಿಯ ಬೊಟ್ಟು ಯಾವ ಕತೆಗೆ ಎಂದು ಕೊನೆಗೂ ಕೇಳಿದೆ. ಬೆರಳು ಅಲ್ಲೇ ನಿಂತಿತು. 

"ತಡಿಯಪ್ಪ, ಪುಸ್ತಕ ಬರ್ಲಿ," ಎಂದರು.

ಅದೇ ಬೇಸಗೆಯಲ್ಲಿ ಹೋದರು. ಪ್ರೊಫೆಸರರು ಮುಂದೆ ಇನ್ನೂ ದೊಡ್ಡ ಊರಿಗೆ, ಇನ್ನೂ ದೊಡ್ಡ ಹುದ್ದೆಗೆ ಏರಿ, ಹಾರ ಶಾಲುಗಳನ್ನು ಹೊತ್ತು, ತಮ್ಮ ಕಾಲಕ್ಕೆ ತಾವೂ ಹೋದರು. ಅವರನ್ನು ನಾನು ಈಗಲೂ ಕ್ಷಮಿಸಿಲ್ಲ. ಆದರೆ ಅವರು ತಿಳಿಯದೆ ಮಾಡಿದರು, ಇದನ್ನು ಬರೆಯುತ್ತಿರುವವನು ತಿಳಿದು ಮಾಡಿದ ಎಂಬುದನ್ನೂ ಇಲ್ಲಿ ಗೌರವದಿಂದ ದಾಖಲಿಸಬೇಕು.

ಪೆನ್ಸಿಲ್ ಸಿಕ್ಕ ದಿನವೇ ಆ ಕಿರುಹೊತ್ತಿಗೆಯನ್ನೂ ಹುಡುಕಿ ತೆಗೆದೆ. ನಡುವೆ ಒಂದು ಚಿತ್ರಪಟ ಇದೆ, ಓದೋ ಅಮ್ಮನ ಪುಸ್ತಕದ ಎರಡು ಎದುರುಬದುರು ಪುಟಗಳ ಫೋಟೋ. ಬಣ್ಣದಲ್ಲಿ ಅಚ್ಚು ಹಾಕುವ ಅನುಕೂಲ ಆಗ ಇರಲಿಲ್ಲವಾಗಿ, ಮೂರು ಬಣ್ಣಗಳ ಸಿದ್ಧಾಂತವನ್ನು ಲೋಕಕ್ಕೆ ಸಾರಿದ ಆ ಚಿತ್ರ ಇರುವುದು ಕಪ್ಪು ಬಿಳುಪಿನಲ್ಲಿ. ಏಳು ಬೊಟ್ಟುಗಳಿವೆ. ಅರಿಸಿನ, ಕುಂಕುಮ, ಮಸಿ, ಎಲ್ಲ ಒಂದೇ ಬೂದಿ. ಕನ್ನಡಕ ತೆಗೆದು, ಪುಟವನ್ನು ಮುಖದ ಹತ್ತಿರ ಹಿಡಿದು ಮೂಸಿದೆ. ನುಣುಪು ಕಾಗದದ ವಾಸನೆ, ಅಷ್ಟೇ.

ನನ್ನ ಹೆಂಡತಿ ಒಳಗಿನಿಂದ ಬಂದು ನಿಂತು ನೋಡಿದಳು. "ಇದೇನ್ರೀ ಇದು, ಪುಸ್ತಕ ಮೂಸ್ತಾ ಕೂತಿದ್ದೀರಾ?"

ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ, ಪೂರ್ತಿಯಾಗಿ. ಅವಳು ಚಿತ್ರದ ಮೇಲೆ ಬಗ್ಗಿದಳು. ಒಗ್ಗರಣೆ ಕೆಲಸದ ನಡುವೆ ಎದ್ದು ಬಂದ ಕೈ, ಹಾಳೆಗೆ ತಾಗೀತೆಂದು ಬೆನ್ನ ಹಿಂದಕ್ಕೆ ಕಟ್ಟಿಕೊಂಡಿದ್ದಳು.

"ಇದರಲ್ಲಿ ಅತ್ತೆಯವರದು ಯಾವುದ್ರೀ?"

ಏಳು ಬೂದಿ ಬೊಟ್ಟುಗಳನ್ನು ಮತ್ತೊಮ್ಮೆ ನೋಡಿದೆ.

"ಪರಿಶೀಲಿಸಬೇಕಾದ ವಿಷಯ," ಎಂದೆ.

ಅವಳು ನಗಲಿಲ್ಲ.